ಕಿಟಕಿಯಿಂದ ಕಂಡ ನಡಿಗೆ

ಭಾನುವಾರ, ಮಧ್ಯಾಹ್ನ
ಮನೆಯಿಂದ

ಪ್ರೀತಿಯ ಅಮ್ಮನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ಪತ್ರ ನೋಡಿದ ಕೂಡಲೇ ಎದೆ ಹಿಡಿದುಕೊಳ್ಳಬೇಡ. ಅಪ್ಪ ಹೊಟ್ಟೆ ತುಂಬ ಉಂಡು, ರೇಡಿಯೋ ಹಚ್ಚಿಟ್ಟು, ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನೀನು ನಂಬುವವಳಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಕ್ಕ ಸ್ಪೀಕರ್ ಹಾಕುತ್ತಾಳೆ, ಭಾವ ಕೇಳಿಸಿಕೊಳ್ಳುತ್ತಾರೆ, ಮಗು ಅಳುತ್ತದೆ, ನೀನು ಏನಂದೆ ಏನಂದೆ ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತೀಯ. ಇದು ಕೂಗಾಡಿ ಹೇಳುವ ಮಾತಲ್ಲ.

ನೀನು ಅಕ್ಕನ ಹೆರಿಗೆಗೆಂದು ಹೊರಟಾಗ ಮನೆ ಹೇಗಿತ್ತು ನೆನಪಿದೆಯಲ್ಲ? ಊಟದ ಮೇಜಿನ ತುಂಬ ನನ್ನ ಪುಸ್ತಕ, ಕುರ್ಚಿಯ ಬೆನ್ನಿಗೆ ನನ್ನ ಕ್ರೇಪ್ ಬ್ಯಾಂಡೇಜು, ಅಪ್ಪನ ಮೈಮೇಲೆ ನನ್ನ ಅಭ್ಯಾಸ. ಒಂದು ದಿನ ಮಣಿಕಟ್ಟಿಗೆ ಪಟ್ಟಿ, ಇನ್ನೊಂದು ದಿನ ಭುಜಕ್ಕೆ, ಮತ್ತೊಂದು ದಿನ ಮೊಣಕಾಲಿಗೆ. ಪೆಟ್ಟಾಗದೇ ಪಟ್ಟಿ ಕಟ್ಟಿಸಿಕೊಳ್ಳುವ ಮನುಷ್ಯ ಲೋಕದಲ್ಲಿ ನಿಮ್ಮಪ್ಪ ಒಬ್ಬರೇ ಎಂದು ನೀನು ನಗುತ್ತಿದ್ದೆ. ಅಪ್ಪ ಮಾತ್ರ ಮಹಾರಾಜರ ಹಾಗೆ ಕಾಲು ಚಾಚಿ ಕೂರುತ್ತಿದ್ದರು. ಇಷ್ಟು ವರ್ಷ ಬಸ್ಸು ಓಡಿಸಿದ ಕಾಲು, ಈಗ ಸ್ವಲ್ಪ ಸೇವೆ ಮಾಡಿಸಿಕೊಳ್ಳಲಿ ಬಿಡು ಎನ್ನುತ್ತಿದ್ದರು.

ಸ್ನಾತಕೋತ್ತರ ಫಿಸಿಯೋಥೆರಪಿಗೆ ಅರ್ಜಿ ಹಾಕುವುದೆಂದರೆ ಅಂಕಪಟ್ಟಿ ಕಳಿಸಿ ಕೈಕಟ್ಟಿ ಕೂರುವುದಲ್ಲ ಎಂದು ನಿನಗೆ ಹೇಳಿದ್ದೆನಲ್ಲ. ಕ್ಲಿನಿಕ್ಕಿನಲ್ಲಿ ನಿಂತು ಕಲಿತ ಅನುಭವ ಬೇಕು, ಅಲ್ಲಿಯ ಹಿರಿಯರ ಶಿಫಾರಸು ಬೇಕು, ಈ ವೃತ್ತಿಯೇ ಏಕೆ ಎಂದು ಒಂದು ಪುಟ ಪ್ರಬಂಧ ಬೇಕು, ಸಂದರ್ಶನದಲ್ಲಿ ಪಟ್ಟಿ ಕಟ್ಟಿ ತೋರಿಸಬೇಕು. ನಾನು ದಿನಾ ಮಧ್ಯಾಹ್ನ ಹೋಗುವ ಕ್ಲಿನಿಕ್ಕಿನ ಮೇಡಂಗೆ ನಾವು ಕಲಿಯುವ ಮೂವರು ಇಟ್ಟಿರುವ ಹೆಸರು ಹದ್ದು. ಅವರ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ. ಅವರ ಶಿಫಾರಸಿಗೆ ಕಾಲೇಜುಗಳಲ್ಲಿ ತೂಕವಿದೆ, ಅದಕ್ಕೇ ಅವರು ಅದನ್ನು ಸುಲಭಕ್ಕೆ ಯಾರಿಗೂ ಬರೆದುಕೊಡುವುದಿಲ್ಲ.

ಮೇಡಂ ಕಲಿಸುವ ರೀತಿಯೇ ಬೇರೆ. ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ, ಕಿಟಕಿಯ ಕೆಳಗೇ ಬಸ್ ಸ್ಟಾಪು. ರೋಗಿಗಳು ಬರುವ ಮೊದಲು ನಮ್ಮನ್ನು ಕಿಟಕಿಗೆ ನಿಲ್ಲಿಸಿ, ಬೀದಿಯಲ್ಲಿ ಹೋಗುವವರ ನಡಿಗೆ ಓದಿಸುತ್ತಾರೆ. ಮುಖ ನೋಡುವಂತಿಲ್ಲ. ತೊಂದರೆ ಎಲ್ಲಿದೆ, ಯಾವ ನರದ್ದು ಅಥವಾ ಯಾವ ಸ್ನಾಯುವಿನದ್ದು, ಆ ಮನುಷ್ಯನಿಗೆ ಬದುಕಿನಲ್ಲಿ ಯಾವ ಕೆಲಸ ಮಾಡಲಾಗುವುದಿಲ್ಲ, ಇಷ್ಟನ್ನು ಹೇಳಬೇಕು. ನಾನು ಇದರಲ್ಲಿ ಎತ್ತಿದ ಕೈ, ಅಮ್ಮ. ಅಥವಾ ಹಾಗೆಂದುಕೊಂಡು ಮೆರೆಯುತ್ತಿದ್ದೆ.

ಕಳೆದ ಬುಧವಾರ ಮಳೆ ಹನಿಯುತ್ತಿತ್ತು. ಬಸ್ಸಿಳಿದು ಒಬ್ಬರು ಹೂವಿನ ಚಿತ್ತಾರದ ಹೆಂಗಸರ ಕೊಡೆ ಹಿಡಿದು ರಸ್ತೆ ದಾಟುತ್ತಿದ್ದರು. ಮೇಲಿನಿಂದ ಕೊಡೆ ಬಿಟ್ಟರೆ ಗಂಡಸಿನ ಎರಡು ಕಾಲಷ್ಟೇ ಕಾಣುತ್ತಿದ್ದವು. ಮೇಡಂ ನನ್ನ ಕಡೆ ನೋಡಿದರು. ನಾನು ಗಿಳಿಯ ಹಾಗೆ ಒಪ್ಪಿಸಿದೆ: ಬಲಪಾದದ ಮುಂಭಾಗ ಮೇಲೇಳುತ್ತಿಲ್ಲ; ಬೆರಳು ನೆಲಕ್ಕೆ ತಾಗದಿರಲಿ ಎಂದು ಮೊಣಕಾಲನ್ನು ಮೆಟ್ಟಿಲು ಹತ್ತುವವನ ಹಾಗೆ ಎತ್ತುತ್ತಿದ್ದಾನೆ; ಪಾದ ಚಪ್ಪೆಂದು ಬೀಳುತ್ತಿದೆ; ಮೊಣಕಾಲಿನ ಹೊರಬದಿಯಲ್ಲಿ ಹಾದುಹೋಗುವ ನರ ಒತ್ತಿಹೋಗಿದೆ. ಹೌದು ಅಮ್ಮ, ಎತ್ತುತ್ತಿದ್ದಾನೆ ಎಂದು ಏಕವಚನದಲ್ಲೇ ಹೇಳಿದೆ. ಯಾವ ಕೆಲಸ ಮಾಡಲಾಗದು ಎಂದು ಮೇಡಂ ಕೇಳಿದಾಗ ನನಗೆ ಇನ್ನೂ ಹುರುಪು ಬಂತು. ಏನ್ ಬೇಕಾದ್ರೂ ಮಾಡ್ಲಿ ಮೇಡಂ, ಡ್ರೈವಿಂಗ್ ಒಂದು ಬಿಟ್ಟು, ಇವನು ಆಕ್ಸಿಲರೇಟರ್‌ನಿಂದ ಕಾಲು ಎತ್ತಿ ಬ್ರೇಕ್ ಮೇಲಿಡೋಷ್ಟರಲ್ಲಿ ಮುಂದಿದ್ದೋರ ಕಥೆ ಮುಗಿದಿರುತ್ತೆ ಅಂದೆ. ಉಳಿದಿಬ್ಬರು ಘೊಳ್ಳೆಂದು ನಕ್ಕರು. ಹದ್ದು ಕೂಡ ನಕ್ಕಿತು.

ಕೊಡೆ ಮಡಚಿತು. ಅಪ್ಪ ತಲೆಯೆತ್ತಿ ಕಿಟಕಿಯತ್ತ ನೋಡಿ, ನಾನು ಮರೆತುಬಂದಿದ್ದ ಊಟದ ಡಬ್ಬಿಯನ್ನು ಎತ್ತಿ ಆಡಿಸಿದರು.

ಇಪ್ಪತ್ತೆಂಟು ವರ್ಷದಿಂದ ಊರಿನ ಜನರನ್ನೆಲ್ಲ ಕೂರಿಸಿಕೊಂಡು ಬಸ್ಸು ಓಡಿಸುವ ನನ್ನ ಅಪ್ಪ. ಅವರ ನಡಿಗೆ ನನಗೆ ಗುರುತು ಸಿಗಲಿಲ್ಲ. ಮನೆಯಲ್ಲಿ ಅವರ ಧ್ವನಿ ಕೇಳುತ್ತೇನೆ, ಅವರು ಬಡಿಸಿದ ತಟ್ಟೆ ಖಾಲಿ ಮಾಡುತ್ತೇನೆ, ಅವರು ನಡೆಯುವುದನ್ನು ನೋಡಿದ್ದು ಯಾವಾಗ? ನಾನು ಏಳುವ ಮೊದಲು ಡಿಪೋಗೆ ಹೋಗಿರುತ್ತಾರೆ, ನಾನು ಬರುವಷ್ಟರಲ್ಲಿ ಕುರ್ಚಿಯಲ್ಲಿ ಕುಳಿತಿರುತ್ತಾರೆ. ನನಗೆ ಏನೂ ಗೊತ್ತಿರಲಿಲ್ಲ, ಅಮ್ಮ.

ಮೇಡಂಗೆ ನನ್ನ ಮುಖ ನೋಡಿಯೇ ಅರ್ಥವಾಯಿತು. ಕೆಳಗಿಳಿದು ತಾವೇ ಅಪ್ಪನನ್ನು ಕರೆತಂದು ಹಾಸಿಗೆಯ ಮೇಲೆ ಕೂರಿಸಿದರು. ಪಾದ ಎತ್ತಿ ಎಂದರು. ಎಡಪಾದ ಎದ್ದಿತು, ಬಲಪಾದ ಹಾಗೇ ಜೋತುಬಿದ್ದಿತ್ತು. ಅಪ್ಪ ಎರಡನ್ನೂ ನೋಡಿ, ಇದಕ್ಕೆ ಈಚೆಗೆ ಸೋಮಾರಿತನ ಬಂದಿದೆ ಮೇಡಂ ಎಂದು ನಗಾಡಿದರು. ಮೊಣಕಾಲ ಹತ್ತಿರ ಪೆಟ್ಟಾಗಿತ್ತೇ, ಬಿಗಿಯಾಗಿ ಏನಾದರೂ ಕಟ್ಟಿದ್ದಿರೇ ಎಂದು ಮೇಡಂ ವಿಚಾರಿಸಿದರು. ಇಲ್ಲ ಇಲ್ಲ, ಕಟ್ಟೋದೇನು, ಬಸ್ಸಿನ ಮೆಟ್ಟಿಲಿಗೆ ತಗುಲಿರಬೇಕು ಎಂದರು ಅಪ್ಪ. ಅಷ್ಟು ಅವಸರದಲ್ಲಿ ಇಲ್ಲ ಎಂದದ್ದು ಏಕೆ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬಸ್ಸೊಂದೇ, ಅದರ ತುಂಬ ನಿಂತ ಜನ. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ಮೇಡಂ ಖಡಾಖಂಡಿತ ಹೇಳಿದರು. ಅಪ್ಪ ಆಗಲಿ ಎಂದು ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ನೋಡಿದರೆ ಅಪ್ಪ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಹೊರಟೇ ಹೋಗಿದ್ದರು! ಮಧ್ಯಾಹ್ನವಾದರೂ ಪತ್ತೆಯಿಲ್ಲ, ಫೋನ್ ಎತ್ತುತ್ತಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪನ ಮೇಲೆ ದೂರು ಕೊಡಲೆಂದೇ ಡಿಪೋಗೆ ಹೋದೆ. ಹೆತ್ತ ಅಪ್ಪನ ಕೆಲಸಕ್ಕೆ ನಾನೇ ಕುತ್ತು ತರುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಕಣ್ಣೀರು ಸುರಿಯುತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ.

ಕಚೇರಿಯಲ್ಲಿ ಗುಮಾಸ್ತೆಯಾಗಿ ಒಬ್ಬ ಹೆಂಗಸು ಇದ್ದರು, ದಪ್ಪ ಕನ್ನಡಕದವರು. ನಾನು ಮಗಳೆಂದು ಹೇಳಲಿಲ್ಲ. ಅಪ್ಪನ ಬ್ಯಾಡ್ಜ್ ನಂಬರ್ ಹೇಳಿ, ಈ ಡ್ರೈವರ್‌ಗೆ ಕಾಲು ಸರಿಯಿಲ್ಲ, ಬಸ್ಸು ಕೊಡಬೇಡಿ ಎಂದೆ. ಆಕೆ ಚಹಾ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಅಯ್ಯೋ, ಅವ್ರು ಗಾಡಿ ಮುಟ್ಟಿ ತಿಂಗಳಾಗ್ತಾ ಬಂತಲ್ಲಮ್ಮ ಎಂದರು. ತಾವಾಗೇ ಬಂದು, ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ, ಜನರ ಜೀವದ ಜೊತೆ ಆಟ ಆಡೋಕಾಗಲ್ಲ ಅಂದರಂತೆ. ಡಿಪೋದ ಡಾಕ್ಟರು ನೋಡಿ, ನರ ಒತ್ತಿಹೋಗಿದೆ, ಚೇತರಿಸಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು ಅಂದರಂತೆ. ಈಗ ಅಪ್ಪ ಕೂರುವುದು ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನಿನ ಕೌಂಟರಿನಲ್ಲಿ.

ನನಗೆ ಹೋದ ಜೀವ ಬಂದಂತಾಯಿತು. ಒಳ್ಳೆಯ ಅಪ್ಪ, ನನ್ನ ಅಪ್ಪ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆಕೆ ದನಿ ತಗ್ಗಿಸಿ ಉಳಿದದ್ದನ್ನೂ ಹೇಳಿದರು. ಯಾರೋ ಕಲಿಯೋ ಹುಡುಗಿ ಅಭ್ಯಾಸಕ್ಕೆ ಅಂತ ಮೊಣಕಾಲಿಗೆ ಪಟ್ಟಿ ಬಿಗಿಯಾಗಿ ಕಟ್ಟಿಬಿಟ್ಟಳಂತೆ. ಯಾರು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡಲ್ಲ ಆ ಮನುಷ್ಯ. ಪಾಪ, ಅವಳು ಮುಂದೆ ಓದಬೇಕು, ಗೊತ್ತಾದ್ರೆ ಕೈ ಬಿಟ್ಟುಬಿಡ್ತಾಳೆ ಅಂತಾರೆ. ನಾನಾಗಿದ್ರೆ ಅವಳ ಕೈಯನ್ನೇ ಮುರೀತಿದ್ದೆ!

ಅಮ್ಮ, ಆಮೇಲೆ ಆಕೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ತುಟಿ ಆಡುತ್ತಿದ್ದದ್ದು ಮಾತ್ರ ಕಾಣುತ್ತಿತ್ತು. ನಾನು, ನನ್ನ ಕೈಯಾರೆ.

ನೀನು ಹೋದ ಮುಂದಿನ ವಾರ ಅಪ್ಪನಿಗೆ ರಜೆಯಿತ್ತು. ಮಧ್ಯಾಹ್ನದ ಊಟವಾದ ಮೇಲೆ ಅವರ ಬಲಮೊಣಕಾಲಿಗೆ ಪಟ್ಟಿ ಸುತ್ತಿ, ಪರೀಕ್ಷೆಯ ಓದು ಮುಗಿಸಿ ಬಂದು ನೋಡುತ್ತೇನೆ ಎಂದು ಕೋಣೆಗೆ ಹೋದವಳು ಮರೆತೇಬಿಟ್ಟೆ. ಕಟ್ಟಿದ ಮೇಲೆ ಪಾದದ ಬಣ್ಣ ನೋಡಬೇಕು, ಬೆರಳು ಆಡಿಸಲು ಹೇಳಬೇಕು, ಜೋಮು ಹಿಡಿದಿದೆಯೇ ಎಂದು ಕೇಳಬೇಕು. ಇದು ನನಗೆ ನಿದ್ದೆಯಲ್ಲೂ ಬಾಯಿಪಾಠ. ಮಾಡಿದ್ದು ಯಾವುದೂ ಇಲ್ಲ.

ಕೌಂಟರಿಗೆ ಹೋದೆ. ಹತ್ತಾರು ಕೊಡೆಗಳು, ಒಂಟಿ ಚಪ್ಪಲಿಗಳು, ಟೋಪಿಗಳ ನಡುವೆ ಅಪ್ಪ ಕುಳಿತಿದ್ದರು. ಬುಧವಾರದ ಹೂವಿನ ಕೊಡೆಯೂ ಅಲ್ಲೇ ನೇತಾಡುತ್ತಿತ್ತು. ನನ್ನನ್ನು ಕಂಡು, ಊಟ ಆಯ್ತಾ ಪುಟ್ಟಿ ಎಂದರು. ನಾನು ಬಿಕ್ಕುವುದು ಕಂಡು ಎಲ್ಲ ತಿಳಿಯಿತೆಂದು ಅವರಿಗೆ ಗೊತ್ತಾಯಿತು. ಬಿಗಿಯಾಗಿದ್ದರೆ ಬಿಚ್ಚಬಾರದಿತ್ತೇ ಅಪ್ಪ ಎಂದು ಅವರ ಮೇಲೆಯೇ ಹರಿಹಾಯ್ದೆ. ಅದಕ್ಕೆ ಅವರು ಏನೆಂದರು ಗೊತ್ತೇ? ನೀನೇ ಅಂದ್ಯಲ್ಲ ಪುಟ್ಟಿ, ಬಿಚ್ಚಬೇಡಿ, ಬಂದು ನೋಡ್ತೀನಿ ಅಂತ. ಅದಕ್ಕೇ ಕಾದೆ. ಹಾಗೇ ಕಣ್ಣು ಹತ್ತಿಬಿಡ್ತು.

ಇನ್ನು ಅರ್ಜಿಯ ಮಾತೇ ಬೇಡ ಎಂದು ನಿರ್ಧರಿಸಿ ನಿನ್ನೆ ಮೇಡಂ ಬಳಿಗೆ ಹೋದೆ. ಎಲ್ಲ ಹೇಳಿ, ನನಗೆ ಶಿಫಾರಸು ಬೇಡ ಎಂದೆ. ಸಮಾಧಾನ ಹೇಳುತ್ತಾರೆಂದು ಒಳಗೊಳಗೇ ಆಸೆಯಿತ್ತೋ ಏನೋ. ಮೇಡಂ ಒಂದು ಮಾತೂ ಸಮಾಧಾನ ಹೇಳಲಿಲ್ಲ. ನಿಮ್ಮಪ್ಪನ ಕಾಲು ಹಾಳು ಮಾಡಿ ಈಗ ಓಡಿಹೋಗ್ತೀಯಾ ಎಂದು ಗದರಿದರು. ನಾಳೆ ಅಪ್ಪನನ್ನು ಕರೆದುಕೊಂಡು ಬರಬೇಕಂತೆ. ಪಾದ ಜೋತುಬೀಳದ ಹಾಗೆ ಆಸರೆ ಕಟ್ಟುವುದು, ದಿನಾ ವ್ಯಾಯಾಮ ಮಾಡಿಸುವುದು, ಎಲ್ಲ ನನ್ನದೇ ಕೆಲಸವಂತೆ, ಅವರು ಪಕ್ಕದಲ್ಲಿ ನಿಂತಿರುತ್ತಾರಂತೆ. ಶಿಫಾರಸು ಬರೆಯುತ್ತೇನೆ, ಅದರಲ್ಲಿ ಇದನ್ನೂ ಬರೆಯುತ್ತೇನೆ, ಓದಿದ ಮೇಲೂ ಕರೆಯುವ ಕಾಲೇಜು ಇದ್ದರೆ ಹೋಗು ಎಂದರು. ನನಗೆ ಮತ್ತೊಮ್ಮೆ ಬರಸಿಡಿಲು ಬಡಿದಂತಾಯಿತು. ಮಂಗಳವಾರ ಕೊನೆಯ ದಿನ. ಅಂಥ ಶಿಫಾರಸು ಹೊತ್ತು ಅರ್ಜಿ ಹಾಕುವುದೋ ಬಿಡುವುದೋ, ನನಗಿನ್ನೂ ದಿಕ್ಕು ತೋಚುತ್ತಿಲ್ಲ. ಅಪ್ಪನಂತೂ, ನನ್ನ ಕಾಲೂ ಹೋಗಿ ನಿನ್ನ ಓದೂ ಹೋದರೆ ನನಗೆ ಡಬಲ್ ನಷ್ಟ ಎಂದು ತಮಾಷೆ ಮಾಡುತ್ತಾರೆ. ನನಗೆ ನಗು ಬರುವುದಿಲ್ಲ.

ಕಾಲು ಮೊದಲಿನಂತಾಗುವ ಸಂಭವವೇ ಹೆಚ್ಚು ಎನ್ನುತ್ತಾರೆ ಮೇಡಂ. ಆಗದೇ ಇರಲೂಬಹುದು ಎಂದೂ ಹೇಳಿದ್ದಾರೆ. ನೀನು ಅಕ್ಕನನ್ನೂ ಮಗುವನ್ನೂ ಬಿಟ್ಟು ಓಡಿಬರಬೇಡ. ಮುಚ್ಚಿಟ್ಟರೆಂದು ಅಪ್ಪನನ್ನು ಬೈಯಬೇಡ. ಬೈಯುವುದೇ ಇದ್ದರೆ ನನ್ನನ್ನು ಬೈ, ಸ್ಪೀಕರ್ ಹಾಕಿಯೇ ಬೈ.

ನಿನ್ನ ಮಡಿಲಿನ ನೆನಪಿನಲ್ಲಿ,
ಪುಟ್ಟಿ

ಮಡಚುವ ಮೊದಲು ಇನ್ನೊಂದು ಮಾತು: ನನಗೆ ಏನೂ ಗೊತ್ತಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಆ ಸಂಜೆ ಪಟ್ಟಿ ಬಿಚ್ಚಿದ ಮೇಲೆ ಅಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದು ಹೇಳಿದ್ದರು. ಇದನ್ನು ಮೇಡಂಗೂ ಹೇಳಲು ನನಗೆ ಬಾಯಿ ಬರಲಿಲ್ಲ. ನಿನಗೆ ಪತ್ರ ಮುಗಿಸಿದ ಮೇಲೆ ಪ್ರಬಂಧದ ಹಳೆಯ ಪುಟ ಹರಿದು ಹೊಸದಾಗಿ ಶುರು ಮಾಡಿದ್ದೇನೆ. ಈ ವೃತ್ತಿಯೇ ಏಕೆ ಎಂಬುದಕ್ಕೆ ಮೊದಲ ಸಾಲು ಹೀಗಿದೆ: 'ನನ್ನ ತಂದೆ ಬಾಗಿಲಲ್ಲಿ ನಿಂತು, ಪಾದ ಜೋಮು ಹಿಡಿದಿದೆ ಎಂದರು, ನಾನು ಪುಸ್ತಕದಿಂದ ತಲೆಯೆತ್ತದೆ, ನಾಲ್ಕು ಹೆಜ್ಜೆ ನಡೆಯಿರಿ ಹೋಗುತ್ತದೆ ಎಂದೆ.'