ಮೊದಲು ನೋಡಿದ್ದು ಎಲ್ಲಿ

ಉಪ್ಪುಂದ
೧೭ ನವೆಂಬರ್ ೨೦೧೩, ಭಾನುವಾರ

ಧನ್ಯಳ ಅಪ್ಪಯ್ಯನಿಗೆ ವಿನಯಾ ಮಾಡುವ ನಮಸ್ಕಾರಗಳು.

ಎಂಟು ವರ್ಷದ ಮೇಲೆ ಈ ಅಕ್ಷರ ನೋಡಿ ನೀವು ಲಕೋಟೆಯನ್ನು ಹಾಗೇ ಬದಿಗಿಟ್ಟರೆ ನಾನು ತಪ್ಪೆನ್ನುವುದಿಲ್ಲ. ಹರಿದು ಹಾಕುವ ಮೊದಲು ಒಂದು ಸಲ ಓದಿ, ಅಷ್ಟೆ. ಮುಂಬಯಿಯ ವಿಳಾಸ ಕೊಟ್ಟದ್ದು ನೆರೆಮನೆಯ ತಿಮ್ಮ ಮಾವ. ಫೋನ್ ನಂಬರನ್ನೂ ಕೊಟ್ಟಿದ್ದಾರೆ. ಆದರೆ ಫೋನಿನಲ್ಲಿ ಅತ್ತೆಯ ಸುದ್ದಿ ಎತ್ತಿದ ಕೂಡಲೇ ನೀವು ಇಟ್ಟುಬಿಡುತ್ತೀರಿ. ಕಾಗದಕ್ಕೆ ಆ ಭಯವಿಲ್ಲ.

ನಿಮ್ಮಿಂದ ನನಗೆ ಬೇಕಾದದ್ದು ಒಂದೇ ಒಂದು ಮಾತು. ನೀವು ನನ್ನನ್ನು ಮೊದಲು ನೋಡಿದ್ದು ಎಲ್ಲಿ?

ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಅರ್ಧ ತಲೆ ನರೆತ ಮೇಲೆ ಸರಸಕ್ಕೆ ಕೇಳುತ್ತಿಲ್ಲ. ಅತ್ತೆ ಹೆಚ್ಚು ದಿನ ಇರುವುದಿಲ್ಲ. ಪುಪ್ಪುಸದಲ್ಲಿ ನೀರು ತುಂಬಿದೆ. ದೀಪಾವಳಿ ಕಳೆದ ಮೇಲೆ ಕುಂದಾಪುರದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಅವರಿಗೂ ಗೊತ್ತಾಯಿತು. ಬಸ್ಸಿನಲ್ಲಿ ಬರುವಾಗ, ಇನ್ನು ಗುಳಿಗೆಗೆ ದುಡ್ಡು ಹಾಕಬೇಡ ಎಂದು ನನಗೇ ಬುದ್ಧಿ ಹೇಳಿದರು. ಈಗ ಎರಡು ಚಮಚ ಗಂಜಿತೆಳಿ ಇಳಿದರೆ ದೊಡ್ಡದು.

ನಿಮ್ಮನ್ನು ನೋಡಬೇಕೆಂದು ಅವರು ಕೇಳಿಲ್ಲ. ಕೇಳುವ ಧೈರ್ಯವಿಲ್ಲ. ಕೇಳುವುದು ಧನ್ಯಳನ್ನು. "ಹೆಣ್ಣಿನ್ ಮೊಕ ಕಣ್ಣಿಗ್ ಬತ್ತಿಲ್ಲೆ ಮಗಾ, ಹೋಪ ಮುಂಚೆ ಒಂದ್ ಸಲ ಕಾಣ್ಕ್" ಎನ್ನುತ್ತಾರೆ. ದಿನಕ್ಕೆ ನಾಲ್ಕು ಸಲ ಅದೇ ಮಾತು.

ತೋರಿಸೋಣ ಎಂದರೆ ಒಂದು ಪಟ ಇಲ್ಲ. ಹೋದ ಮಗುವಿನ ಪಟ ಮನೆಯಲ್ಲಿದ್ದರೆ ಅದು ದಾರಿ ತಪ್ಪಿ ಮತ್ತೆ ಮತ್ತೆ ಅಂಗಳಕ್ಕೆ ಬರುತ್ತದೆ ಎಂದು ಹಿರಿಯರು ಹೇಳಿದರು. ತಿಮ್ಮ ಮಾವ ಎಲ್ಲವನ್ನೂ ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿ ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಬಿಟ್ಟರು. ನೀವೂ ಹೂಂ ಅಂದಿರಿ, ನಾನೂ ಹೂಂ ಅಂದೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ಅವಳ ಮುಖ ನನಗೂ ಪೂರ್ತಿ ಬರುವುದಿಲ್ಲ. ಒಂದರ ಮೇಲೊಂದು ಹತ್ತಿದ್ದ ಮುಂದಿನ ಹಲ್ಲು ಬರುತ್ತದೆ, ಕಿವಿಯ ಹಿಂದಿನ ಮಚ್ಚೆ ಬರುತ್ತದೆ. ಕೂಡಿಸಲು ಹೋದರೆ ಯಾರದೋ ಮನೆಯ ಮಗುವಾಗುತ್ತದೆ.

ಆಗ ನೆನಪಾದದ್ದು ನಮ್ಮ ಈಮೇಲ್.

ನೀವು ಮಸ್ಕತ್ತಿಗೆ ಹೊರಡುವ ಹಿಂದಿನ ದಿನ ಬೈಂದೂರಿನಲ್ಲಿ ಶೇಖರನ ಸೈಬರಿಗೆ ಹೋಗಿದ್ದೆವಲ್ಲ. ಗಂಡನಿಗೊಂದು, ಹೆಂಡತಿಗೊಂದು ಎಂದು ನೀವು ಕೇಳಿದ್ದಕ್ಕೆ ಶೇಖರ, "ಎರಡ್ ಎಂತಕ್ಕ್ ಮಾರಾಯ್ರೆ, ಒಂದ್ ಮನಿಗ್ ಒಂದ್ ಸಾಕ್" ಎಂದು ರೇಶನ್ ಕಾರ್ಡಿನ ಲೆಕ್ಕದಲ್ಲಿ ಮಾತಾಡಿದ. ನಾವೂ ಹೌದೆಂದು ನಂಬಿದೆವು. ಎರಡು ವರ್ಷ ನಾನು ನಮ್ಮದೇ ವಿಳಾಸಕ್ಕೆ ಬರೆದು ಕಳಿಸುತ್ತಿದ್ದೆ, ನೀವು ಅಲ್ಲಿ ಅದೇ ಪೆಟ್ಟಿಗೆ ತೆರೆದು ಓದಿ ಅಲ್ಲೇ ಉತ್ತರ ಇಡುತ್ತಿದ್ದಿರಿ. ಈಗ ಹೇಳಿದರೆ ಶಾಲೆಯ ಮಕ್ಕಳೂ ನಗುತ್ತಾರೆ. ಧನ್ಯಳ ಪಟಗಳನ್ನು ಶೇಖರ ಸ್ಕ್ಯಾನ್ ಮಾಡಿ ಅದರಲ್ಲೇ ಹಾಕಿದ್ದ. ಹಳದಿ ಫ್ರಾಕಿನದು, ಅಂಗನವಾಡಿಯ ಬಾಗಿಲಿನಲ್ಲಿ ಅಳುತ್ತಾ ನಿಂತದ್ದು, ಅತ್ತೆಯ ಮೀನಿನ ಬುಟ್ಟಿಯೊಳಗೆ ಕೂತದ್ದು. ಏಳೋ ಎಂಟೋ ಇರಬೇಕು.

ಸೈಬರ್ ಮುಚ್ಚಿ ಶೇಖರ ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಪಾಸ್‌ವರ್ಡ್ ಬರೆದಿಟ್ಟ ಅವನ ಡೈರಿ ರದ್ದಿಗೆ ಹೋಗಿದೆ. ನಿಮಗೂ ಅದು ಮರೆತಿದೆ ಎಂದು ತಿಮ್ಮ ಮಾವ ಹೇಳಿದರು. ಪುಣ್ಯಕ್ಕೆ ಪೆಟ್ಟಿಗೆ ಇನ್ನೂ ಇದೆ, ಬೀಗ ಮಾತ್ರ ತೆಗೆಯಬೇಕು. ಮರೆತವರಿಗೆಂದು ಅದು ಒಂದು ಪ್ರಶ್ನೆ ಕೇಳುತ್ತದೆ. ಶೇಖರ ಇಂಗ್ಲಿಷಿನಲ್ಲಿ ಓದಿ, ನನ್ನ ಮುಖ ನೋಡದೆ ಹೇಳಿದ: "ಗಂಡ ಹೆಂಡ್ತಿನ ಪಸ್ಟ್ ಕಂಡದ್ ಎಲ್ಲಿ ಅಂಬ್ರ್ ಅಕ್ಕ."

ಇದೇನು ದೊಡ್ಡದು ಎಂದುಕೊಂಡೆ. ಕೊಲ್ಲೂರು ಎಂದು ಹಾಕಿಸಿದೆ. ಹೆಣ್ಣು ನೋಡುವ ಶಾಸ್ತ್ರವಾದದ್ದು ಅಲ್ಲೇ ಅಲ್ಲವೇ, ದೇವಸ್ಥಾನದ ಎದುರಿನ ಹೋಟೆಲಿನಲ್ಲಿ, ನಿಮ್ಮ ಚಹಾಕ್ಕೆ ನೊಣ ಬಿದ್ದು? ತಪ್ಪು ಎಂದಿತು. ನನ್ನ ಊರು ಬ್ರಹ್ಮಾವರ ಹಾಕಿಸಿದೆ, ತಪ್ಪು. ಉಪ್ಪುಂದ, ತಪ್ಪು. ಮತ್ತೆ ನಾಳೆ ಬನ್ನಿ ಎಂದು ಬಾಗಿಲು ಹಾಕಿಕೊಂಡಿತು. ಮೂರು ದಿನ ಹೋದೆ. ಮದುವೆಯಾದ ಹಾಲ್, ನಿಮ್ಮ ಅಕ್ಕನ ಮನೆ ವಂಡ್ಸೆ, ಕುಂದಾಪುರದ ಬಸ್ ಸ್ಟ್ಯಾಂಡು, ಏನೇನೋ. ಕೊನೆಗೆ ಶೇಖರನೇ ಕೈಮುಗಿದು, "ಅಕ್ಕ, ಇದನ್ ಅವ್ರನ್ನೇ ಕೇಣಿ" ಎಂದ.

ಆಗ ನೆನಪಾಯಿತು. ಆ ದಿನ ಉತ್ತರವನ್ನು ಒತ್ತಿದ್ದು ನೀವೇ. ಎಡಗೈಯನ್ನು ಅಡ್ಡ ಹಿಡಿದು, ನನಗೆ ಕಾಣದ ಹಾಗೆ. ಕೊಲ್ಲೂರಿಗಿಂತ ಮುಂಚೆಯೇ ನನ್ನನ್ನು ನೋಡಿದ್ದೆ ಎಂದಿರಿ. ಎಲ್ಲಿ ಎಂದರೆ ಬಾಯಿ ಬಿಡಲಿಲ್ಲ. ಉಪ್ಪುಂದದಲ್ಲಿ ಬಸ್ಸಿಳಿಯುವವರೆಗೂ ಪೀಡಿಸಿದೆ. "ಇನ್ನೊಂದ್ ಸಲ ಬಪ್ಪತ್ತಿಗ್ ಹೇಳ್ತೆ" ಎಂದಿರಿ. ಇನ್ನೊಂದು ಸಲ ನೀವು ಬಂದಾಗ ಅಂಗಳದಲ್ಲಿ ಜನ ನಿಂತಿದ್ದರು. ಕೇಳುವ ಮಾತು ಅದಾಗಿರಲಿಲ್ಲ.

ಆ ದಿನದ ಬಗ್ಗೆ ನಾನು ಹೇಳಬೇಕಾದದ್ದನ್ನು ಆಗಲೇ ಹೇಳಿದ್ದೇನೆ. ಮಗುವನ್ನು ನೋಡಿಕೊಳ್ಳಿ ಎಂದು ಅತ್ತೆಗೆ ಹೇಳಿ ನಾನು ರೇಶನ್ ಅಂಗಡಿಗೆ ಹೋದದ್ದು, ಬೆಳಿಗ್ಗೆಯಿಂದ ಒಣಮೀನು ಮಾರಿ ಬಂದ ಅವರು ಚಾವಡಿಯಲ್ಲಿ ಒರಗಿದ್ದು, ಮಗು ಎದ್ದು ಹಿತ್ತಿಲ ತೋಡಿನ ನೀರಿಗೆ ಹೋದದ್ದು. ಮತ್ತೆ ಬರೆಯುವುದಿಲ್ಲ. ಹೆತ್ತ ತಾಯಿಯ ಮುಖ ಇನ್ನು ನೋಡುವುದಿಲ್ಲ ಎಂದು ನೀವು ಹೊರಟಿರಿ. ನನ್ನನ್ನೂ ಬಾ ಎಂದಿರಿ. ನಾನು ಬರಲಿಲ್ಲ. ಮಗುವನ್ನು ಕೊಂದವಳ ಜೊತೆ ಇರುತ್ತೀಯಾ ಎಂದು ಕೇಳಿದಿರಿ.

ಅತ್ತೆ ಯಾರ ಮೇಲೂ ತಿರುಗಿ ಬೀಳಲಿಲ್ಲ ಎನ್ನುವುದನ್ನು ಮಾತ್ರ ನಿಮಗೆ ಹೇಳಬೇಕು. ನೀನು ನನಗೆ ಹೇಳಲೇ ಇಲ್ಲವಲ್ಲ ಎಂದು ನನ್ನ ಜೊತೆ ಒಂದು ದಿನ ವಾದಿಸಲಿಲ್ಲ. "ನಿದ್ರಿಗಣ್ಣಂಗೆ ಹ್ಞೂಂ ಅಂದಿಪ್ಪುಕೂ ಸಾಕ್, ನಂಗ್ ನೆನ್ಪಿಲ್ಲೆ" ಎಂದು ತಾವೇ ಒಪ್ಪಿಕೊಂಡರು. ಅಂದಿನಿಂದ ಅವರು ಹಗಲು ಹೊತ್ತು ನೆಲಕ್ಕೆ ಬೆನ್ನು ಹಚ್ಚಿಲ್ಲ. ಜ್ವರ ಬಂದರೂ ಕಂಬಕ್ಕೆ ಒರಗಿ ಕೂರುತ್ತಾರೆ. ಈಗಲೂ ಹಾಗೇ, ಉಸಿರು ಎಳೆಯುತ್ತಾ, ಕಣ್ಣು ಮುಚ್ಚಿದರೆ ತಾವೇ ತಮ್ಮ ಕೈ ಚಿವುಟಿಕೊಳ್ಳುತ್ತಾರೆ. ಮಲಗಿ ಎಂದರೆ ಸಂಜೆಯಾಗಲಿ ಎನ್ನುತ್ತಾರೆ.

ಕೇರಿಯವರು ನನ್ನನ್ನು ಹೊಗಳುತ್ತಾರೆ. ಗಂಡ ಬಿಟ್ಟರೂ ಅತ್ತೆಯನ್ನು ಬಿಡದ ಸೊಸೆ, ಇಂಥವಳು ಎಲ್ಲಿ ಸಿಗುತ್ತಾಳೆ ಎಂದು. ನಾನು ತಲೆತಗ್ಗಿಸಿ ಮೀನು ಕೊಯ್ಯುತ್ತೇನೆ.

ಆ ಒಂದು ಮಾತನ್ನು ಶೇಖರನ ನಂಬರಿಗೆ ಮೆಸೇಜ್ ಮಾಡಿ. ನಂಬರನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಇಲ್ಲವೇ ನೀವೇ ಅಲ್ಲಿ ತೆರೆದು ಪಟಗಳನ್ನು ಕಳಿಸಿದರೂ ಆಯಿತು. ನೀವೇ ತೆರೆದರೆ ಒಂದು ಕೋರಿಕೆ. ಎಲ್ಲಕ್ಕಿಂತ ಮೇಲೆ ನಾನು ಬರೆದ ಒಂದು ಕಾಗದವಿರುತ್ತದೆ, ನೀವು ಓದಿರದೆ ಉಳಿದದ್ದು. ಅದನ್ನು ತೆರೆಯಬೇಡಿ. ಮನೆವಾರ್ತೆ, ಬೇರೇನಿಲ್ಲ. ಕೆಳಗೆ ಹೋಗಿ ಪಟಗಳನ್ನು ತೆಗೆದುಕೊಳ್ಳಿ.

ಊಟ ತಿಂಡಿ ಸರಿಯಾಗಿ ಮಾಡುತ್ತೀರಿ ಎಂದುಕೊಂಡಿದ್ದೇನೆ.

ಇಂತಿ,
ಧನ್ಯಳ ಅಮ್ಮ
ವಿನಯಾ

ಮರೆತದ್ದು: ಇದು ಸೋಮವಾರ ಬೆಳಿಗ್ಗೆ ಬರೆಯುತ್ತಿರುವುದು, ಅಂಚೆಗೆ ಹಾಕುವ ಮೊದಲು. ಮರೆತದ್ದು ಎಂದೆ, ಮರೆತದ್ದಲ್ಲ.

ಇವತ್ತು ಅತ್ತೆಯ ಕಾಲ ಬುಡದಲ್ಲಿ ಕೂತು ಹೇಳಿಬಿಟ್ಟೆ. ಆ ದಿನ ನಾನು ಅವರಿಗೆ ಏನೂ ಹೇಳಿರಲಿಲ್ಲ, ರೇಶನ್ ಅಂಗಡಿಗೂ ಹೋಗಿರಲಿಲ್ಲ ಎಂದು. ದಿನಾ ಆ ಪೆಟ್ಟಿಗೆ ಎಂತ ಕಾಂಬುದು ಎಂದು ಅವರು ಬೈಯುತ್ತಿದ್ದರು, ಅದಕ್ಕೆ ಹೆದರಿ ಕದ್ದು ಹೋದೆ. ಸೈಬರಿನಲ್ಲಿ ಕರೆಂಟ್ ಹೋಯಿತು, ಬರಲಿ ಎಂದು ಅರ್ಧ ಗಂಟೆ ಕಾದೆ, ಬಂದ ಮೇಲೆ ನಿಮಗೆ ಬರೆದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ ಎಲ್ಲವನ್ನೂ ಆ ಮುದುಕಿಯ ಮೇಲೆ ಹಾಕಿದೆ. ಅತ್ತೆ ನಂಬಲಿಲ್ಲ. ನನ್ನ ತಲೆ ಸವರಿ, "ನನ್ ಸಮಾದಾನಕ್ ಸುಳ್ ಹೇಳ್ಬೇಡ ಮಗಾ" ಎಂದರು. ಮತ್ತೆ ಕಂಬಕ್ಕೆ ಒರಗಿ ಕೂತರು.

ನನ್ನ ಬಾಯಿಮಾತಿಗೆ ಇನ್ನು ಬೆಲೆಯಿಲ್ಲ. ಆದ್ದರಿಂದ ಆ ಮೇಲಿನ ಕಾಗದವನ್ನೇ ಮೊದಲು ತೆರೆಯಿರಿ, ಪಟಗಳಿಗಿಂತ ಮೊದಲು. ತಾರೀಕು, ಗಂಟೆ ಎರಡೂ ಅದರ ತಲೆಯ ಮೇಲಿರುತ್ತವೆ. ಬರೆದದ್ದು ನನಗೆ ಬಾಯಿಪಾಠ ಬರುತ್ತದೆ: "ಧನ್ಯ ಮಲಗಿದ್ದಾಳೆ. ಅತ್ತೆಗೂ ನಿದ್ದೆ. ಎಬ್ಬಿಸಿದರೆ ಎಲ್ಲಿಗೆ ಎಂದು ಕೇಳುತ್ತಾರೆ, ಅದಕ್ಕೆ ಹೇಳದೆ ಓಡಿ ಬಂದೆ."

ಓದಿದ ಮೇಲೆ ನನಗೆ ಏನೂ ಬರೆಯಬೇಡಿ. ತಿಮ್ಮ ಮಾವನ ಫೋನಿಗೆ ಮಾಡಿ, ಅತ್ತೆಯ ಕಿವಿಗೆ ಹಿಡಿಯಲು ಹೇಳಿ, ಅದನ್ನು ನೀವೇ ಓದಿ ಹೇಳಿ. ನಿಮ್ಮ ಬಾಯಿಂದ ಬಂದರೆ ನಂಬುತ್ತಾರೆ. ಹಗಲು ಹೊತ್ತಿನಲ್ಲೇ ಮಾಡಿ. ಒಂದು ಮಧ್ಯಾಹ್ನವಾದರೂ ಅವರು ಮಲಗಲಿ.