ನಿಶಿತಾಳಿಗೆ ಸಿಗದ ಸೀಟು

ಡಲ್ಲಾಸ್, ಏಪ್ರಿಲ್ ೨೦೧೬

ರಾಮಮೂರ್ತಿ ಅಂಕಲ್‌ಗೆ ಮೀರಾಳ ನಮಸ್ಕಾರ.

ನಿಮ್ಮ ಮೊಮ್ಮಗಳು ನಿಶಿತಾಳಿಗೆ ನಾನು ಪಾಠ ಮಾಡುವ, ಇಡೀ ಊರಿನಿಂದ ಮಕ್ಕಳನ್ನು ಆರಿಸಿಕೊಳ್ಳುವ ಮ್ಯಾಗ್ನೆಟ್ ಶಾಲೆಯಲ್ಲಿ ಸೀಟು ಸಿಗದ ಮೇಲೆ ನೀವು ನನ್ನ ಫೋನ್ ಎತ್ತುತ್ತಿಲ್ಲ. ಕೊನೆಯ ಸಲ ಮಾತಾಡಿದಾಗ “ಪ್ರವೇಶ ಸಮಿತಿಯಲ್ಲಿ ನೀನೇ ಇದ್ದು, ಕಡಿಮೆ ಅಂಕದವರಿಗೆ ಕೊಟ್ಟುಬಿಟ್ಟೆಯಲ್ಲಮ್ಮ” ಅಂದಿರಿ. ಪರಿಚಯದ ಹುಡುಗಿಯೆಂದು ಅವಳ ಅರ್ಜಿ ಬಂದಾಗ ನಾನು ಎದ್ದು ಹೊರಗೆ ಹೋಗಿದ್ದೆ. ಅಂಕ ಸ್ವಲ್ಪ ಕಡಿಮೆಯಿದ್ದರೂ ಊರಿನ ಎಲ್ಲ ಬಡಾವಣೆಗಳ ಮಕ್ಕಳಿಗೂ ಇಲ್ಲಿ ಜಾಗವಿರಬೇಕು ಎಂಬ ನಿಯಮವನ್ನು ಪ್ರತಿವರ್ಷ ವಿವರಿಸಿ ಸುಸ್ತಾಗಿದ್ದೇನೆ. ಆದರೂ ಅದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ನಿನ್ನೆ ಲೈಬ್ರರಿಯಲ್ಲಿ ನಿಶಿತಾ ಸಿಕ್ಕಿದ್ದಳು. ಸಮಾಧಾನ ಹೇಳಲು ಹೋದೆ. “ಆಂಟಿ, ಸ್ಕೂಲ್ ಈಸ್ ಓಕೆ. ಬಟ್ ತಾತ ಸ್ಟಾಪ್ಡ್ ಟಾಕಿಂಗ್ ಟು ಮಿ,” ಎಂದಳು.

ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಅಂಕಲ್. ಇವತ್ತು ಅವಳನ್ನು ನೀವೇ ಊಟಕ್ಕೆ ಕರೆಯಿರಿ.

ನಿಮ್ಮ,
ಮೀರಾ