ನಾನು ತಿದ್ದಿ ಬರೆದ ಪ್ರಾರ್ಥನೆ

ಮಾನ್ಯ ಬಿಷಪರೇ,

ಪ್ರಾರ್ಥನಾ ಚೀಟಿಗಳನ್ನು ‘ಸಭೆಯ ಘನತೆಗೆ ತಕ್ಕಂತೆ ತಿದ್ದಿ’ ಓದಬೇಕೆಂಬ ನಿಮ್ಮ ಕಚೇರಿಯ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಅದನ್ನು ಚಾಚೂ ತಪ್ಪದೆ ಪಾಲಿಸಿದವಳು ನಾನು. ಕೈ ಮುರಿದದ್ದು ಇನ್ನೊಬ್ಬಳದು.

ನಮ್ಮ ದೇವಾಲಯದ ಬಾಗಿಲ ಬಳಿ ಒಂದು ಮರದ ಪೆಟ್ಟಿಗೆಯಿದೆ. ಸಂಕಟದಲ್ಲಿರುವವರು ಹೆಸರು ಹಾಕದೆ ಚೀಟಿ ಬರೆದು ಹಾಕುತ್ತಾರೆ. ಶನಿವಾರ ನಾನು ಬೆಂಚುಗಳನ್ನು ಒರೆಸಿ, ಪೆಟ್ಟಿಗೆ ತೆಗೆದು, ಎಲ್ಲವನ್ನೂ ಒಂದು ಹಾಳೆಗೆ ಇಳಿಸುತ್ತೇನೆ. ಭಾನುವಾರ ಸಭಾಪಾಲಕರು ಓದುವುದು ಆ ಹಾಳೆಯನ್ನೇ. ಚೀಟಿಗಳನ್ನು ಅವರು ನೋಡುವುದಿಲ್ಲ. ಹಳ್ಳಿಶಾಲೆಯಲ್ಲಿ ಏಳನೇ ತರಗತಿ ಓದಿದವಳು ನಾನು, ಅಕ್ಷರ ದುಂಡಗಿದೆಯೆಂದು ಈ ಕೆಲಸ ಸಿಕ್ಕಿತು. ಹನ್ನೊಂದು ವರ್ಷ ಬರೆದದ್ದನ್ನು ಬರೆದಂತೆಯೇ ಇಳಿಸಿದೆ. ಮಗ ಕುಡಿಯುತ್ತಾನೆ ಎಂದಿದ್ದರೆ ಕುಡಿಯುತ್ತಾನೆ ಎಂದೇ. ಅದನ್ನು ಕೇಳಿ ದೇವರು ಮುಖ ಕಿವುಚಿಕೊಂಡದ್ದು ನನಗಂತೂ ಗೊತ್ತಿಲ್ಲ.

ಸುತ್ತೋಲೆ ಬಂದ ವಾರವೇ ಒಂದು ಚೀಟಿ ಸಿಕ್ಕಿತು: ‘ಗಂಡ ಹೊಡೆಯುತ್ತಾರೆ. ಮನೆಗೆ ಹೋಗಲು ಹೆದರಿಕೆ. ಯಾರಾದರೂ ಬಂದು ಕೇಳಿ.’ ಬಟ್ಟೆಯ ಮೇಲೆ ಅಳತೆ ಗುರುತಿಸುವ ಕೆಂಪು ಪೆನ್ಸಿಲಿನಲ್ಲಿ ಬರೆದದ್ದು. ನನ್ನ ಬಟ್ಟೆ ಹೊಲಿಯುವವಳದೇ ಎಂದು ತಿಳಿಯಿತು. ತಿಳಿದೂ, ದೊಡ್ಡವರ ಮಾತು ಮೀರಬಾರದೆಂದು ‘ಒಂದು ಕುಟುಂಬದ ಶಾಂತಿಗಾಗಿ’ ಎಂದು ಬರೆದೆ. ಸಭೆಯೆಲ್ಲ ಆಮೆನ್ ಅಂದಿತು. ಎಲ್ಲರಿಗಿಂತ ಗಟ್ಟಿಯಾಗಿ ಅಂದವನು ಗಾಯಕರ ಸಾಲಿನಲ್ಲಿ ನಿಂತಿದ್ದ ಅವಳ ಗಂಡ.

ಬುಧವಾರ ಆಸ್ಪತ್ರೆಯಲ್ಲಿ ಅವಳನ್ನು ಕಂಡೆ. ಹೊಲಿಯುವ ಬಲಗೈಗೇ ಪಟ್ಟಿ ಕಟ್ಟಿದ್ದರು.

“ಅಕ್ಕಾ, ಆ ಹಾಳೆ ಬರೆಯೋದು ನೀವೇ ಅಲ್ವಾ?”

“ಹೌದಮ್ಮ.”

“ನಾನು ಶಾಂತಿ ಕೇಳಿರಲಿಲ್ಲ. ಯಾರಾದ್ರೂ ಬಾಗಿಲು ತಟ್ಟಲಿ ಅಂದಿದ್ದೆ. ಶಾಂತಿಗೇನು ಬರ, ನಾನು ಬಾಯಿ ಮುಚ್ಕೊಂಡಿದ್ರೆ ನಮ್ಮನೇಲಿ ದಿನಾ ಶಾಂತೀನೇ.”



ಮಾನ್ಯರೇ, ಹುಣ್ಣಿಗೆ ರೇಷ್ಮೆ ಹೊದಿಸಿದರೆ ವಾಸಿಯಾಗುತ್ತದೆಯೇ? ಬೈಬಲಿನಲ್ಲಿ ದಾರಿಬದಿಯ ಕುರುಡ ಕರ್ತನನ್ನು ಕೂಗಿದಾಗ ಸುಮ್ಮನಿರೆಂದು ಗದರಿದವರು ಜನ. ಕರ್ತನು ನಿಂತು, ನಿನಗೇನು ಬೇಕು ಎಂದು ಕೇಳಿದ. ನಿಮ್ಮ ಕಚೇರಿ ಅಲ್ಲಿದ್ದಿದ್ದರೆ ಆ ಕೂಗನ್ನು ‘ಪ್ರಯಾಣಿಕರ ಕ್ಷೇಮಕ್ಕಾಗಿ’ ಎಂದು ತಿದ್ದಿ, ಮೆರವಣಿಗೆಯನ್ನು ಮುಂದಕ್ಕೆ ಕಳಿಸುತ್ತಿತ್ತೇನೋ. ಘನತೆ, ಘನತೆ ಎನ್ನುತ್ತೀರಿ. ಪೆಟ್ಟು ತಿಂದವಳ ಮಾತಿನಿಂದ ಹಾಳಾಗುವ ಘನತೆ, ಪೆಟ್ಟು ಕೊಟ್ಟವನ ಹಾಡಿನಿಂದ ಹಾಳಾಗುವುದಿಲ್ಲವೇ?

ಶನಿವಾರ ಅವಳನ್ನು ಆಸ್ಪತ್ರೆಯಿಂದ ಕಳಿಸುತ್ತಾರೆ. ಆ ಮನೆಗೆ ಅವಳು ಹೋಗುವುದಿಲ್ಲ. ವರ್ಷಕ್ಕೆರಡು ಸಲ ಬೋಧನೆಗೆ ಬರುವ ಪ್ರಸಂಗಿಗಳಿಗೆಂದು ಹಾಸಿಗೆ ಹಾಸಿಟ್ಟ ಕೋಣೆ ದೇವಾಲಯದ ಹಿಂದಿದೆ. ಅದನ್ನು ಅವಳಿಗೆ ತೆರೆಸಿ. ನೀವೇ ಬಂದು ಅವಳ ಮಾತು ಕೇಳಿ. ಇದನ್ನೆಲ್ಲ ಅವಳ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ಇನ್ನು ಈ ವಾರ ನಾನು ಹಾಳೆ ಬರೆಯುವುದಿಲ್ಲ. ಚೀಟಿಗಳನ್ನೇ ಸಭಾಪಾಲಕರ ಕೈಗೆ ಕೊಡುತ್ತೇನೆ. ಎಲ್ಲಕ್ಕಿಂತ ಮೇಲಿನ ಚೀಟಿ ನನ್ನದು: ‘ಒಬ್ಬಳ ಮೊರೆಯನ್ನು ನಾನು ತಿದ್ದಿದೆ. ಕರ್ತನೇ, ಕ್ಷಮಿಸು.’ ಅದನ್ನು ಯಾರೂ ತಿದ್ದಬೇಡಿ.

ಇಂತಿ,
ಅಕ್ಷರ ಮಾತ್ರ ದುಂಡಗಿದ್ದ,
ನಿಮ್ಮ ದೇವಾಲಯದ ಬೆಂಚು ಒರೆಸುವವಳು